ಗರುಡ ನನ್ನ ಕೈ ಮೇಲೆ ಕುಳಿತದ್ದು

ಮೂಕಂಡಪಲ್ಲಿಯ ಒಂದು ಕಾರ್ಖಾನೆಯಲ್ಲಿ ತಪ್ಪು ಹುಡುಕುವುದೇ ನನ್ನ ಉದ್ಯೋಗ. ಕೂದಲೆಳೆಯಷ್ಟು ಗೀರಿದ್ದರೂ ಮಾಲನ್ನು ವಾಪಸ್ ಕಳಿಸುತ್ತೇನೆ. ಇಂಥ ಕಣ್ಣುಳ್ಳ ನಾನು ಒಂದು ಶನಿವಾರ ಬೆಳಿಗ್ಗೆ, ತಳಿ ಕಡೆಯ ನಮ್ಮೂರಿನಲ್ಲಿ, ಮನೆ ಮುಂದಿನ ನುಗ್ಗೆಮರದ ಮೇಲೆ ಗರುಡನನ್ನು ಕಂಡೆ. ಕಾಲಲ್ಲಿ ಗೆಜ್ಜೆ ಬೇರೆ!

ಕೆನ್ನೆ ಬಡಿದುಕೊಂಡು ಹೆಂಡತಿ ರತ್ನಳನ್ನು ಕರೆದೆ.

"ಗರುಡಂಗೆ ಕತ್ತು ಬೆಳ್ಳಗಿರ್ತದಲ್ವಾ? ಇದು ಪೂರ್ತಿ ಕಂದು ಐತೆ," ಎಂದಳು.

"ಬಿಸ್ಲಲ್ಲಿ ಸುತ್ತಿ ಸುತ್ತಿ ಕಪ್ಪಾಗೈತೆ. ನಾನಾಗ್ಲಿಲ್ವಾ?"

"ಕಾಲಿಗೆ ಚರ್ಮದ ಪಟ್ಟಿ ಕಟ್ಟವ್ರೆ ನೋಡಿ."

"ಯಾರೋ ಭಕ್ತರು ಕಟ್ಟಿರ್ತಾರೆ, ಸುಮ್ಕಿರು."

ದೇವರ ಮುಂದೆ ಹೆಗಲ ಮೇಲೆ ಟವೆಲ್ ಇರಬಾರದಲ್ಲ! ತೆಗೆದು ಎಡಗೈಗೆ ಸುತ್ತಿಕೊಂಡು ಭಕ್ತಿಯಿಂದ ಕೈ ಚಾಚಿದೆ. ಜಲ್ಲೆಂದು ಸದ್ದಾಯಿತು. ಗರುಡ ನೇರ ಬಂದು ಆ ಕೈ ಮೇಲೆಯೇ ಕುಳಿತ.

ಪಕ್ಕದ ಮನೆಯ ವೆಂಕಟಣ್ಣ ಚಪ್ಪಲಿ ಬಿಟ್ಟು ಅಡ್ಡಬಿದ್ದ. ಗರುಡನಿಗೋ ನನಗೋ ತಿಳಿಯಲಿಲ್ಲ. ಇಬ್ಬರ ಪರವಾಗಿಯೂ ನಾನೇ ಆಶೀರ್ವಾದ ಮಾಡಿದೆ.

"ನಿನ್ ಯೋಗ ಕಣ್ಲಾ ಮಂಜ. ಕರ್ಪೂರ ತತ್ತೀನಿ, ಅಂಗಳ ಮಡಿ ಮಾಡು," ಎಂದು ಓಡಿದ.

ಅಂಗಳದಲ್ಲಿ ಬಿದಿರಿನ ಮಂಕರಿ ಕವುಚಿ ಒಂದು ಹುಂಜವನ್ನು ಇಟ್ಟಿದ್ದೆವು. ಹೋದ ವರ್ಷ ಸ್ಕೂಟರಿನಿಂದ ಬಿದ್ದು ಇದೇ ಎಡಗೈ ಮುರಿದಾಗ, ಅದು ಕೂಡಿದರೆ ಮುನೇಶ್ವರನಿಗೆ ಕೋಳಿ ಕೊಡುತ್ತೇನೆಂದು ರತ್ನ ಹರಕೆ ಹೊತ್ತಿದ್ದಳು. ಕೈ ಕೂಡಿತ್ತು. ಆರು ತಿಂಗಳು ರಾಗಿ ತಿನ್ನಿಸಿ ಸಾಕಿದ ಹುಂಜವನ್ನು ಮಾರನೆಯ ದಿನವೇ ಒಪ್ಪಿಸಬೇಕಿತ್ತು.

"ಪೂಜೆ ಜಾಗದಲ್ಲಿ ಕೋಳಿ ಯಾಕೆ? ಹಿತ್ಲಿಗೆ ಓಡ್ಸು," ಎಂದೆ.

"ಮಂಕರಿ ಮುಟ್ಬೇಡಿ. ಆ ಹಕ್ಕಿ ನೋಡೋ ನೋಟ ಸರಿಯಿಲ್ಲ."

"ವಿಷ್ಣುವಿನ ವಾಹನ ಕಣೇ ಅದು. ಅದ್ರಲ್ಲೂ ಶನಿವಾರ. ಮಾಂಸ ಮುಟ್ಟತ್ತಾ?" ಎಂದು ಬಲಗೈಯಲ್ಲಿ ಮಂಕರಿ ಎತ್ತಿದೆ.

ಮುಟ್ಟಿತು.

ವೆಂಕಟಣ್ಣ ಕರ್ಪೂರ ಹಚ್ಚಿಕೊಂಡು ಬರುವಷ್ಟರಲ್ಲಿ ಹುಂಜದ ಕಥೆ ಮುಗಿದು, ಅಂಗಳದ ತುಂಬ ಪುಕ್ಕ ಹಾರಾಡುತ್ತಿತ್ತು.

ಅದೇ ಹೊತ್ತಿಗೆ ಜೀಪೊಂದು ಬಂದು ನಿಂತಿತು. ಕೈಗೆ ದಪ್ಪ ಚರ್ಮದ ಗವಸು ಹಾಕಿದ್ದ ಒಬ್ಬಾತ ಇಳಿದು ಶಿಳ್ಳೆ ಹೊಡೆದ. ನಮ್ಮ ಗರುಡ ಹೋಗಿ ಅವನ ಗವಸಿನ ಮೇಲೆ ಕುಳಿತ.

"ಬೇಟೆಗೆ ಪಳಗ್ಸಿರೋ ಗಿಡುಗ ಸಾರ್. ಫಾರ್ಮ್‌ಹೌಸಿಂದ ತಪ್ಪಿಸ್ಕೊಂಡು ಮೂರು ದಿನ ಆಯ್ತು. ಯಾರು ಕೈ ಚಾಚಿದ್ರೂ ಊಟ ಇಡ್ತಾರೆ ಅಂತ ಬಂದ್ಬಿಡುತ್ತೆ. ಪಾಪ, ಹಸ್ಕೊಂಡಿತ್ತು," ಎಂದ.

ವೆಂಕಟಣ್ಣ ಕರ್ಪೂರ ಆರಿಸಿ, ಚಪ್ಪಲಿ ಮೆಟ್ಟಿ ಮನೆಗೆ ಹೋದ. ರತ್ನ ಅಳಲಿಲ್ಲ, ಬೈಯಲೂ ಇಲ್ಲ. ನನಗೆ ಭಯವಾದದ್ದು ಅದಕ್ಕೇ.

ಮರುದಿನ ಮುನೇಶ್ವರನ ಮುಂದೆ ಬರೀ ತೆಂಗಿನಕಾಯಿ ಇಟ್ಟು, ನನಗೆ ಕೇಳುವಂತೆಯೇ ಬೇಡಿಕೊಂಡಳು. "ಸ್ವಾಮಿ, ನಿನ್ ಕೋಳೀನ ಇವ್ರು ಬೇರೆಯವ್ರಿಗೆ ಕೊಟ್ಬುಟ್ರು. ನಂದೇನೂ ತಕರಾರಿಲ್ಲ. ಬೇಕಾದ್ರೆ ಆ ಕೈ ವಾಪಸ್ ತಗೊ."

ಅಂದಿನಿಂದ ಸ್ಕೂಟರ್ ಮನೆಯಲ್ಲೇ ನಿಂತಿದೆ. ಮಾಲು ವಾಪಸ್ ಕಳಿಸುವ ಅಧಿಕಾರಿಯಾದ ನಾನು ದಿನಾ ಬಸ್ಸಿನಲ್ಲಿ, ಎಡಗೈಯನ್ನು ಜೇಬಿನೊಳಗೆ ಭದ್ರವಾಗಿಟ್ಟುಕೊಂಡು ಹೋಗಿ ಬರುತ್ತಿದ್ದೇನೆ.