ಅಳಿಯನ ಗಾಡಿಗೆ ಹೊದಿಸಿದ ಕೌದಿ

ನಾಚಿಕೆ ಇರುವವರಿಗೆ ಧೈರ್ಯ ಕಡಿಮೆ ಎಂದು ಜನ ಹೇಳುತ್ತಾರೆ. ನನ್ನ ಮಟ್ಟಿಗೆ ಹೆದರಿಕೆಯೇ ನಾಚಿಕೆಗಿಂತ ಒಂದು ಗೇಣು ಎತ್ತರ. ನಾಚಿಕೆ ನನ್ನನ್ನು ಬಾಗಿಲ ಹಿಂದೆ ನಿಲ್ಲಿಸಿದರೆ, ಹೆದರಿಕೆ ಅದೇ ಬಾಗಿಲಿನಿಂದ ಅಂಗಳಕ್ಕೆ ದೂಡುತ್ತದೆ. ಮೊಮ್ಮಕ್ಕಳೇ, ಹಳೆ ಸೀರೆಗಳನ್ನು ಹೊಲಿದ ನಮ್ಮ ದೊಡ್ಡ ಕೌದಿಯಲ್ಲಿ ತಾಟಿನಗಲ ತೂತು ಹೇಗೆ ಬಿತ್ತು ಎಂದು ನೀವು ಕೇಳಿದಾಗ ಇಲಿ ಕಡಿಯಿತು ಅಂದೆ. ಇಲಿ ಕಡಿದರೆ ಅಂಚು ಕಪ್ಪಗಾಗುವುದಿಲ್ಲ ಎಂದು ನಿಮ್ಮಲ್ಲಿ ಸಣ್ಣವಳು ಅಂದಳು. ನಾನು ಎದ್ದು ಒಳಗೆ ಹೋದೆ. ಬಾಯಿಂದ ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ.

ನಿಮ್ಮಪ್ಪ ಸೈನ್ಯದಲ್ಲಿ ದೊಡ್ಡ ಗಾಡಿ ಓಡಿಸುತ್ತಾರೆಂದು ನಿಮಗೆ ಗೊತ್ತು. ಅವರು ನನ್ನ ಅಳಿಯನಾಗಿ ಹನ್ನೆರಡು ವರ್ಷ. ಈ ಹನ್ನೆರಡು ವರ್ಷದಲ್ಲಿ ನಾನು ಅವರ ಮುಂದೆ ನಿಂತು ಒಂದು ಮಾತನ್ನೂ ಆಡಿರಲಿಲ್ಲ. ಅತ್ತೆಯಾದವಳು ಅಳಿಯನ ಎದುರಿಗೆ ಬರಬಾರದು, ಮಾತಿದ್ದರೆ ಮಗಳ ಮೂಲಕ ಹೇಳಬೇಕು ಎಂದು ನನ್ನ ಅವ್ವ ಕಲಿಸಿದ್ದಳು. ಈಗಿನವರು ಯಾರೂ ಹಾಗೆ ಮಾಡುವುದಿಲ್ಲ. ದುಂಡಸಿಯ ಬಸ್‌ ನಿಲ್ದಾಣದಲ್ಲಿ ಅಳಿಯನಿಗೆ ಬೈಯುವ ಅತ್ತೆಯನ್ನೂ ಕಂಡಿದ್ದೇನೆ. ಆದರೆ ನನಗೆ ಈ ಪದ್ಧತಿ ಬಹಳ ಅನುಕೂಲವಾಗಿತ್ತು. ಮಾತಾಡದೆ ಇರಲು ಹಿರಿಯರೇ ಕಾರಣ ಕೊಟ್ಟಿರುವಾಗ ಯಾರು ಬಿಡುತ್ತಾರೆ? ಅವರಿಗೆ ಇನ್ನೊಂದು ರೊಟ್ಟಿ ಬೇಕೋ ಎಂದು ನಾನು ಅಡುಗೆಮನೆಯಲ್ಲಿ ತಾಟಿನ ಸದ್ದು ಮಾಡಿ ಕೇಳುತ್ತಿದ್ದೆ. ಅವರು ಕೆಮ್ಮಿದರೆ, "ಸಾಕು" ಎಂದರ್ಥ. ಒಮ್ಮೆ ಅವರಿಗೆ ನಿಜವಾಗಿಯೇ ಕೆಮ್ಮು ಹತ್ತಿ, ಪಾಪ, ಉಪವಾಸ ಬಿದ್ದರು.

ಈ ಸಲ ರಜೆಯಲ್ಲಿ ಬಂದಾಗ ಅವರು ಕಟ್ಟೆಯ ಮೇಲೆ ಪಕ್ಕದ ಮನೆಯ ಫಕೀರಪ್ಪನ ಜೊತೆ ಕೂತಿದ್ದರು. ನಾನು ಬಾಗಿಲ ಹಿಂದೆ ಅಕ್ಕಿ ಆರಿಸುತ್ತಿದ್ದೆ. ನೀವು ಶಾಲೆಗೆ ಹೋಗಿದ್ದಿರಿ.

"ಕತ್ತಲಾಗ ಗಾಡಿ ನಿಲ್ಲಿಸಿದ್ರ ವೈರಿಗೆ ಹೆಂಗ ಕಾಣತೈತೋ?" ಎಂದು ಫಕೀರಪ್ಪ ಕೇಳಿದ.

"ಅವರು ಬೆಳಕ ನೋಡಂಗಿಲ್ರಿ ಕಾಕಾ, ಕಾವು ನೋಡ್ತಾರ. ಮ್ಯಾಲೆ ಡ್ರೋನ್ ಹಾರತೈತಿ, ಅದರಾಗ ಕಾವು ಹಿಡಿಯೋ ಕ್ಯಾಮೆರಾ ಇರತೈತಿ. ನಿಮ್ಮ ಎಮ್ಮಿ ಕತ್ತಲಾಗ ನಿಂತ್ರೂ ಅದರಾಗ ಬೆಳ್ಳಗ ಕಾಣತೈತಿ."

"ಕರೇ ಎಮ್ಮಿನ ಬೆಳ್ಳಗ ತೋರಸೂದು ನಮ್ಮ ದನದ ಸಂತೀ ದಲ್ಲಾಳಿಗೂ ಬರತೈತಿ ಬಿಡು."

ನಿಮ್ಮಪ್ಪ ನಕ್ಕರು. "ಇಂಜಿನ್ ಆರಿಸಿದ ಮ್ಯಾಲೂ ಗಾಡಿ ತಾಸುಗಟ್ಟಲೆ ಬೆಚ್ಚಗಿರತೈತ್ರಿ. ಅದಕ್ಕ ಕಾವು ಹೊರಗ ಬಿಡದಂಥಾ ಜಾಳಿಗಿ ಹೊದಸ್ತೀವಿ."

ಅವರ ನಗೆ ಅಲ್ಲಿಗೆ ಮುಗಿಯಿತು. ಆರಿಸಿದ ಅಕ್ಕಿಯನ್ನೇ ನಾನು ಮತ್ತೆ ಆರಿಸಿದೆ. ನನ್ನ ಹಣೆಯ ಕುಂಕುಮ ಅಳಿಸಿ ಹನ್ನೊಂದು ವರ್ಷವಾಯಿತು. ಹಿತ್ತಲಲ್ಲಿ ನಿಮ್ಮವ್ವ ಬಟ್ಟೆ ಒಣಹಾಕುತ್ತಿದ್ದಳು, ಅವಳ ಹಣೆಯ ಮೇಲೆ ಬಿಸಿಲು ಬಿದ್ದಿತ್ತು. ಆ ಹಣೆಯನ್ನು ನಾನು ಬಹಳ ಹೊತ್ತು ನೋಡಲಿಲ್ಲ.

ಅಂದಿನಿಂದ ನನಗೆ ಎಲ್ಲದರಲ್ಲಿಯೂ ಕಾವೇ ಕಾಣತೊಡಗಿತು. ರೊಟ್ಟಿ ಹಂಚು, ಹಾಲಿನ ಪಾತ್ರೆ, ಕಾವಿಗೆ ಕೂತ ಕೋಳಿ, ಎಲ್ಲವನ್ನೂ ಮೇಲಿನಿಂದ ಯಾರೋ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ಒಲೆಯ ಕೆಂಡದ ಮೇಲೆ ಬೂದಿ ಮುಚ್ಚಿದೆ. ಮೇಲೆ ಅಂಗೈ ಹಿಡಿದರೆ ಏನೂ ಬಿಸಿಯಿಲ್ಲ, ಒಳಗೆ ಕೆಂಡ ಬೆಳಗಿನತನಕ ಜೀವಂತ. ಇಷ್ಟು ವರ್ಷ ನಾನು ಮಾಡಿದ್ದೂ ಇದೇ ವಿದ್ಯೆಯಲ್ಲವೇ ಅನ್ನಿಸಿತು. ಸೈನ್ಯದವರ ಬಲೆಯಂಥ ಜಾಳಿಗೆ ಎಷ್ಟು ಗಟ್ಟಿಯೋ ಯಾರಿಗೆ ಗೊತ್ತು, ನಮ್ಮ ಕೌದಿ ನಾಲ್ಕು ಪದರದ್ದು. ಪರೀಕ್ಷೆ ಮಾಡಿ ನೋಡಿ, ಚಲೋ ಆದರೆ ಅವರ ಟ್ರಂಕಿನಲ್ಲಿ ಇಟ್ಟು ಕಳಿಸುವುದೆಂದು ನಿಶ್ಚಯಿಸಿದೆ.

ಮರುದಿನ ನಿಮ್ಮಪ್ಪ ಬೈಕಿನಲ್ಲಿ ಹಾನಗಲ್ಲಿಗೆ ಹೋಗಿ ಮಧ್ಯಾಹ್ನ ಬಂದವರೇ ಒಳಗೆ ಮಲಗಿದರು. ಬೈಕು ಬೇವಿನ ಮರದ ಕೆಳಗೆ ನಿಂತಿತ್ತು, ಕಾದ ಹಂಚಿನಂತೆ. ನಾನು ಕೌದಿ ತಂದು, ಜ್ವರ ಬಂದ ಕೂಸಿಗೆ ಹೊದಿಸಿದಂತೆ ನಾಲ್ಕೂ ಕಡೆ ಸಿಗಿಸಿ ಹೊದಿಸಿದೆ. ಮೇಲೆ ಕೈಯಿಟ್ಟೆ. ತಣ್ಣಗಿತ್ತು. ನನಗೆ ಎಷ್ಟು ಸಮಾಧಾನವಾಯಿತೆಂದರೆ, ಮೇಲೊಂದು ಒದ್ದೆ ಗೋಣಿಚೀಲವನ್ನೂ ಹಾಕಿ ಅಲ್ಲಿಯೇ ಕೂತೆ. ಸ್ವಲ್ಪ ಹೊತ್ತಿಗೆ ಸುಟ್ಟ ಅರಿವೆಯ ವಾಸನೆ ಬಂತು. ಯಾರ ಮನೆಯಲ್ಲಿ ಏನು ಸುಡುತ್ತಿದ್ದಾರಪ್ಪ ಎಂದು ಬೇಲಿಯ ಆಚೆ ನೋಡಿದೆ. ತಿರುಗಿದರೆ ಸೈಲೆನ್ಸರಿನ ಕಡೆಯಿಂದ ಹೊಗೆ.

ನಿಮ್ಮಪ್ಪ ಬನಿಯನ್ನಿನಲ್ಲಿಯೇ ಓಡಿಬಂದು ಕೌದಿ ಎಳೆದು, ಎಮ್ಮೆಗೆ ಇಟ್ಟ ನೀರನ್ನೆಲ್ಲ ಸುರಿದರು. ನಾನು ಎಮ್ಮೆಯ ಹಿಂದೆ ಹೋಗಿ ನಿಂತೆ.

"ಅತ್ತಿ, ಗಾಡಿಗೆ ಥಂಡಿ ಆಗಿತ್ತೇನ್ರಿ?" ಎಂದರು.

ನಿಮ್ಮವ್ವನನ್ನು ಹುಡುಕಿದೆ. ಅವಳು ಹಿಟ್ಟಿನ ಗಿರಣಿಗೆ ಹೋಗಿದ್ದಳು. ಹೇಳಲು ಬೇರೆ ಯಾರೂ ಇರಲಿಲ್ಲ. "ಮ್ಯಾಲಿನವರಿಗೆ ನೀವು ಕಾಣಬಾರದಂತ ನೋಡಿದ್ನಿರಿ," ಎಂದು ಎಮ್ಮೆಯ ಬೆನ್ನಿಗೆ ಹೇಳಿದೆ.

ಅವರು ನಗಲಿಲ್ಲ. ಖಾಲಿ ಬಕೆಟ್ ಬೋರಲು ಹಾಕಿ ಕೂತರು. "ಹೊದಿಕಿ ಗಾಡಿಗೆ ತಾಗಬಾರದ್ರಿ ಅತ್ತಿ. ಕೋಲು ನಿಲ್ಲಿಸಿ, ನಡುವ ಗಾಳಿ ಆಡಂಗ ಕಟ್ಟಬೇಕು. ಮತ್ತ ಈ ಒದ್ದಿ ಚೀಲ ಐತೆಲ್ರಿ, ಅದೂ ಕಾಣತೈತಿ. ಭಾಳ ತಂಪಾದ್ರ ಕರೇ ಕಲೆ ಆಗತೈತಿ. ಸುತ್ತಲಿನ ಮಣ್ಣು ಎಷ್ಟು ಬೆಚ್ಚಗೈತೋ ಅಷ್ಟ ಇರಬೇಕು, ಹೆಚ್ಚಿಲ್ಲ, ಕಡಿಮಿಲ್ಲ."

ಹೆಚ್ಚೂ ಇಲ್ಲದೆ ಕಡಿಮೆಯೂ ಇಲ್ಲದೆ, ನಾಲ್ಕು ಜನರ ನಡುವೆ ಕಣ್ಣಿಗೆ ಬೀಳದೆ ಇರುವುದು. ಇದರಲ್ಲಿ ನಾನು ಸೈನ್ಯಕ್ಕೇ ಪಾಠ ಹೇಳಬಹುದಿತ್ತು. ಅದರ ಬದಲು, ಎದೆಯಲ್ಲಿ ಕೂತಿದ್ದ ಮಾತು ತಾನಾಗಿಯೇ ಹೊರಬಂತು. "ನಿಂತಾಗ ಹೊದಸ್ತೀರಿ. ಗಾಡಿ ಓಡೂ ಮುಂದ ಏನ್ ಮಾಡ್ತೀರಿ?"

ನಿಮ್ಮಪ್ಪ ಸುಟ್ಟ ತೂತಿನ ಅಂಚನ್ನು ಬೆರಳಿನಿಂದ ಪುಡಿ ಮಾಡುತ್ತಿದ್ದರು.

"ಓಡೂ ಮುಂದ," ಅಂದರು ಕೊನೆಗೆ, "ಜಲ್ದಿ ಓಡಸ್ತೇನ್ರಿ ಅತ್ತಿ."

ನಾಲ್ಕು ದಿನಕ್ಕೆ ರಜೆ ಮುಗಿದು ಹೋದರು. ಈಗ ಪ್ರತಿ ರವಿವಾರ ಫೋನ್ ಬರುತ್ತದೆ, ನಿಮ್ಮವ್ವನ ಕೈಯಿಂದ ಅದು ಮೊದಲು ನನಗೇ ಬರುತ್ತದೆ. "ಅತ್ತಿ ಕೈಯಾಗ ಕೊಡು" ಅನ್ನುತ್ತಾರಂತೆ. "ಗಾಡಿ ನಿಂತೈತೇನ್ರಿ?" ಎಂದು ಕೇಳುತ್ತೇನೆ. "ನಿಂತೈತ್ರಿ ಅತ್ತಿ, ಆರಾಮ ನಿಂತೈತಿ," ಅನ್ನುತ್ತಾರೆ. ಅವರ ದನಿಯ ಹಿಂದೆ ಇಂಜಿನ್ ಗುರುಗುಡುವುದು ನನಗೆ ಕೇಳಿಸುತ್ತದೆ. ಕೇಳಿಸಲಿಲ್ಲವೆಂಬಂತೆ ಸುಮ್ಮನಿರುತ್ತೇನೆ. "ನಿಮಗ ನಿದ್ದಿ ಬರತೈತಿಲ್ರಿ?" ಎಂದು ಅವರು ಕೇಳುತ್ತಾರೆ. "ಹೊತ್ತೇರಿದ್ರೂ ಎಚ್ಚರ ಆಗಂಗಿಲ್ರಿ," ಅನ್ನುತ್ತೇನೆ. ಕೋಳಿಗಿಂತ ಮೊದಲು ಎದ್ದು ಕೂರುವ ನನ್ನನ್ನು ದಿನಾ ನೋಡುವ ನಿಮ್ಮವ್ವ ಆಗ ಗೋಡೆಯ ಕಡೆ ಮುಖ ತಿರುಗಿಸುತ್ತಾಳೆ. ಮಾತಿಲ್ಲದ ಹನ್ನೆರಡು ವರ್ಷದಲ್ಲಿ ನಾನು ಅಳಿಯನಿಗೆ ಒಂದು ಸುಳ್ಳನ್ನೂ ಹೇಳಿರಲಿಲ್ಲ. ಮಾತು ಶುರುವಾದ ಮೇಲೆ ವಾರಕ್ಕೊಂದು.