ಕಾರ್ಡ್ ಉಜ್ಜಿ ಧರ್ಮಾತ್ಮನಾದದ್ದು

ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ನನ್ನದು ಲಾರಿ ತೂಗುವ ಕೆಲಸ. ಕಟ್ಟಿಗೆ ತುಂಬಿದ ಲಾರಿ ತೂಕದ ಕಟ್ಟೆಯ ಮೇಲೆ ಬಂದು ನಿಂತರೆ ಸಾಕು, ಯಂತ್ರದ ಅಂಕಿ ನೋಡುವ ಮೊದಲೇ ಅದರ ತೂಕ ಇಷ್ಟು ಎಂದು ಹೇಳಿಬಿಡುತ್ತೇನೆ. ಹೇಳಿದ್ದು ಸರಿಯಾಗುವುದಿಲ್ಲ, ಅದು ಬೇರೆ ಮಾತು. ಆದರೂ ಲೆಕ್ಕದ ವಿಷಯದಲ್ಲಿ ಈ ಗುರುಸಿದ್ದಪ್ಪನನ್ನು ಏಮಾರಿಸುವವರು ಇನ್ನೂ ಹುಟ್ಟಿಲ್ಲ ಎಂಬ ನಂಬಿಕೆ ನನಗಿತ್ತು. ಅಂಥವರು ಬೇಕಾಗಿಯೇ ಇಲ್ಲ, ಆ ಕೆಲಸಕ್ಕೆ ನಾನೊಬ್ಬನೇ ಸಾಕು ಎಂಬುದು ಆಮೇಲೆ ತಿಳಿಯಿತು.

ಊರಿನ ಒಂದು ಬ್ಯಾಂಕಿನವರು ಹೊಸ ಖಾತೆಯೊಂದನ್ನು ತಂದಿದ್ದರು. ಕೌಂಟರಿನಲ್ಲಿದ್ದ ಹುಡುಗಿ ಬಲು ಪ್ರೀತಿಯಿಂದ ವಿವರಿಸಿದಳು.

"ಸರ್, ತಿಂಗಳಿಗೆ ಹದಿನೈದು ಸಲ ಅಂಗಡ್ಯಾಗ ಈ ಕಾರ್ಡ್ ಉಜ್ಜಿದ್ರ ಸಾಕ್ರಿ. ಒಂದೊಂದು ಸಲಕ್ಕ ಇನ್ನೂರು ರೂಪಾಯಿ ಮ್ಯಾಲ ಆಗಿರಬೇಕು. ಖಾತೇದಾಗ ಇರೋ ರೊಕ್ಕಕ್ಕ ಡಬಲ್ ಬಡ್ಡಿ!"

"ಅಷ್ಟನ?"

"ಅಷ್ಟರಿ. ಉಳಿದದ್ದೆಲ್ಲಾ ಈ ಹಾಳ್ಯಾಗ ಐತಿ. ಪುರುಸೊತ್ತಾದಾಗ ಓದ್ಕೋರಿ."

ಪುರುಸೊತ್ತಾಗಲಿಲ್ಲ.

ಡಬಲ್ ಬಡ್ಡಿ ಬರಬೇಕಾದರೆ ಖಾತೆಯಲ್ಲಿ ರೊಕ್ಕ ಇರಬೇಕಲ್ಲ! ನನ್ನ ಹತ್ತಿರ ಇರಲಿಲ್ಲ. ನನ್ನ ಹೆಂಡತಿ ಸುಮಂಗಲಾಳ ಹತ್ತಿರ ಇತ್ತು. ಅವಳು ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಅಡಿಗೆಕಟ್ಟೆಗೆ ಗ್ರಾನೈಟ್ ಹಾಕಿಸಬೇಕೆಂದು ಹೊಲಿಗೆಯ ರೊಕ್ಕವನ್ನು ಎರಡು ವರ್ಷದಿಂದ ಡಬ್ಬಿಯಲ್ಲಿ ಕೂಡಿಡುತ್ತಿದ್ದಳು.

"ಸುಮಾ, ನಿನ್ನ ರೊಕ್ಕ ಡಬ್ಬ್ಯಾಗ ಕೂತು ಏನು ಮಾಡಾಕತ್ತೈತಿ? ನಿದ್ದಿ! ನನ್ನ ಖಾತೇಕ್ಕ ಹಾಕು, ದುಡೀತೈತಿ" ಎಂದೆ.

"ನೀವು ಕೈ ಹಾಕಿದ್ದು ಯಾವಾಗ ದುಡದೈತಿ?"

"ಈ ಸಲ ನೋಡು."

ಅವಳು ಡಬ್ಬಿ ತೆಗೆದುಕೊಟ್ಟಳು. "ಕಲ್ಲಿಗೆ ಕಡಿಮಿ ಬಿದ್ರ ನಿಮ್ಮನ್ನ ಅಲ್ಲೆ ಹಾಸ್ತೇನಿ" ಎಂದೂ ಹೇಳಿದಳು. ನಾನು ನಕ್ಕೆ. ಅವಳು ನಗಲಿಲ್ಲ.

ಮರುದಿನ ಹೊಸ ಕಾರ್ಡನ್ನು ಅಂಗಿಯ ಜೇಬಿನಲ್ಲಿ ಹೊರಗೆ ಕಾಣುವಂತೆ ಇಟ್ಟುಕೊಂಡು ಕಿರಾಣಿ ಅಂಗಡಿಗೆ ಹೋದೆ. ಅಕ್ಕಿ, ಬೇಳೆ, ಎಣ್ಣೆ ಕಟ್ಟಿಸಿ ಗತ್ತಿನಿಂದ ಕಾರ್ಡ್ ಚಾಚಿದೆ. ಅಂಗಡಿಯ ಮಹಾದೇವಪ್ಪ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಇದನ್ನ ಏನು ಮಾಡ್ಲಿ? ಮೊಬೈಲಿಂದ ಹಾಕ್ರಿ."

"ಮಷೀನ್ ಇಲ್ಲೇನು?"

"ಇತ್ರಿ ಒಂದು. ಈಗ ಅದರ ಮ್ಯಾಲ ಗಣಪತಿ ಕೂತಾನ."

ನೋಡಿದೆ. ಮೂಲೆಯಲ್ಲಿ ಕಾರ್ಡಿನ ಮಷೀನಿಗೆ ಅರಿಸಿನ ಕುಂಕುಮ ಹಚ್ಚಿ, ಅದರ ಮೇಲೆ ಗಣಪತಿಯನ್ನು ಕೂಡಿಸಿದ್ದ. ದೇವರನ್ನು ಎಬ್ಬಿಸಿ ಕಾರ್ಡ್ ಉಜ್ಜಿರಿ ಎನ್ನುವಷ್ಟು ಧೈರ್ಯ ನನಗಿರಲಿಲ್ಲ. ಅವತ್ತು ಸಂಜೆಯವರೆಗೆ ಇಡೀ ಪೇಟೆ ತಿರುಗಿದೆ. ಕಾಯಿಪಲ್ಲೆಯವರು, ಖಾನಾವಳಿಯವರು, ಚಪ್ಪಲಿಯವರು ಎಲ್ಲರದೂ ಅದೇ ಮಾತು: ಮೊಬೈಲಿಂದ ಹಾಕ್ರಿ! ಜಗತ್ತು ಕಾರ್ಡನ್ನು ದಾಟಿ ಮುಂದೆ ಹೋದ ದಿನವೇ ನಾನು ಕಾರ್ಡ್ ಹಿಡಿದುಕೊಂಡು ಬಂದಿದ್ದೆ.

ಕೊನೆಗೆ ಮಷೀನು ಸಿಕ್ಕಿದ್ದು ಇಸ್ಮಾಯಿಲ್ ಭಾಯಿಯ ಅಂಗಡಿಯಲ್ಲಿ. ಇವರು ನಮ್ಮ ಪಕ್ಕದ ಮನೆಯವರು. ಬಸ್ ನಿಲ್ದಾಣದ ಹತ್ತಿರ ಗಾಡಿಗಳ ಬಿಡಿಭಾಗ ಮಾರುತ್ತಾರೆ. ಹೊಳೆಯಲ್ಲಿ ರಾಫ್ಟಿಂಗ್ ಮಾಡಲು ದೂರದಿಂದ ಬರುವ ಕಾರಿನವರಿಗೆಂದು ಮಷೀನ್ ಇಟ್ಟಿದ್ದರು. ನನಗೆ ಹೋದ ಜೀವ ಬಂತು. ನನ್ನ ಹಳೇ ಸ್ಕೂಟರಿಗೆ ಒಂದು ಹಾರ್ನ್ ಕೊಂಡು ಉಜ್ಜಿದೆ. ಕನ್ನಡಿ ಕೊಂಡು ಉಜ್ಜಿದೆ. ಸೀಟಿನ ಕವರ್ ಕೊಂಡು ಉಜ್ಜಿದೆ. ಸ್ಕೂಟರಿಗೆ ಬೇಕಾದದ್ದೆಲ್ಲ ಮುಗಿಯಿತು. ನನ್ನ ಉತ್ಸಾಹ ಮುಗಿಯಲಿಲ್ಲ. ಕಾರಿನ ವೈಪರ್ ಕೊಂಡೆ. ಲಾರಿಗೆ ದೃಷ್ಟಿಯಾಗದಿರಲೆಂದು ಕಟ್ಟುವ ದೊಡ್ಡ ಕರಿ ಗೊಂಡೆಯನ್ನೂ ಕೊಂಡೆ!

ಇಸ್ಮಾಯಿಲ್ ಭಾಯಿ ತಲೆ ಕೆರೆದುಕೊಂಡರು. "ಅಣ್ಣಾರ, ಕಾರ್ ಯಾವುದು ತಗೊಂಡ್ರಿ?"

"ಕಾರ್ ಇಲ್ಲ ಭಾಯಿ. ಬರೇ ವೈಪರ್."

"ಯಾ ಅಲ್ಲಾ! ಕುದರಿ ಇಲ್ಲ, ಲಗಾಮು ಕೊಂಡ್ರೇನು!"

ಐದು ಸಲ ಆಯಿತೆಂದು ಬೀಗುತ್ತ ಬ್ಯಾಂಕಿಗೆ ಹೋದೆ. ಕೌಂಟರಿನ ಹುಡುಗಿ ಕಂಪ್ಯೂಟರ್ ನೋಡಿ, "ಒಂದು ಆಗೈತ್ರಿ ಸರ್" ಎಂದಳು.

"ಒಂದ?"

"ಒಂದ ಅಂಗಡ್ಯಾಗ ಒಂದ ದಿನ ಎಷ್ಟು ಸಲ ಉಜ್ಜಿದ್ರೂ ಒಂದ ಅಂತ ಲೆಕ್ಕರಿ. ಹಾಳ್ಯಾಗ ಐತಲ್ರಿ?"

ಹಾಳೆಯಲ್ಲಿ ಇತ್ತು. ಇರುವೆಗಳು ಸಾಲಾಗಿ ಹೋದ ಹಾಗೆ ಸಣ್ಣ ಅಕ್ಷರದಲ್ಲಿ ಇತ್ತು.

ಸೋಲೊಪ್ಪುವವನು ನಾನಲ್ಲ. ಹಳಿಯಾಳ ರಸ್ತೆಯ ಪೆಟ್ರೋಲ್ ಬಂಕಿಗೆ ಹೋಗಿ, ಪೆಟ್ರೋಲ್ ಹಾಕಿಸಲು ಬಂದವರನ್ನೆಲ್ಲ ತಡೆದು, "ನಿಮ್ಮ ಬಿಲ್ಲು ನಾನು ಕಾರ್ಡಿನಿಂದ ಕೊಡ್ತೇನಿ. ನೀವು ನನಗ ನಗದು ಕೊಡ್ರಿ" ಎಂದು ಕೇಳತೊಡಗಿದೆ. ಮೊದಲನೆಯವನು ಪೆಟ್ರೋಲ್ ಹಾಕಿಸದೇ ಗಾಡಿ ಓಡಿಸಿಕೊಂಡು ಹೋದ. ಎರಡನೆಯವನು ಬಂಕಿನ ಮ್ಯಾನೇಜರನನ್ನು ಕರೆದ.

"ಈ ಕಾರ್ಡ್ ಯಾರದ್ರಿ?" ಎಂದು ಮ್ಯಾನೇಜರ್ ಕೇಳಿದ.

"ನಂದ."

"ಮತ್ತ ಊರ ಮಂದಿ ಪೆಟ್ರೋಲ್‌ಗೆ ಯಾಕ ಉಜ್ಜಾಕತ್ತೀರಿ? ಆಧಾರ್ ತೋರಸ್ರಿ."

ತೋರಿಸಿದೆ. ಆಧಾರಿನಲ್ಲಿರುವ ನನ್ನ ಫೋಟೊ ನೋಡಿ ಅವನ ಅನುಮಾನ ಗಟ್ಟಿಯಾಯಿತು. ಆ ಫೋಟೊ ನೋಡಿದರೆ ನನಗೂ ಅನುಮಾನ ಬರುತ್ತದೆ. ಕೊನೆಗೆ ಜಾಮೀನಿಗೆ ಇಸ್ಮಾಯಿಲ್ ಭಾಯಿಗೆ ಫೋನ್ ಹಚ್ಚಿದೆ. ಮ್ಯಾನೇಜರ್ ಸ್ಪೀಕರ್ ಹಾಕಿದ. ಇಸ್ಮಾಯಿಲ್ ಭಾಯಿಯ ದನಿ ಇಡೀ ಬಂಕಿಗೆ ಕೇಳಿತು: "ಬಿಡ್ರಿ ಸಾಬ್, ಕಳ್ಳ ಅಲ್ಲ ಅವರು. ಮೊನ್ನಿಯಿಂದ ಯಾಕೋ ಸ್ವಲ್ಪ ಹಿಂಗ ಮಾಡಾಕತ್ತಾರ."

ಆ ದಿನ ಕಾರ್ಡ್ ಒಂದು ಸಲ ಉಜ್ಜಿದೆ, ನನ್ನ ಸ್ಕೂಟರಿಗೇ. ಪೆಟ್ರೋಲ್ ಲೆಕ್ಕಕ್ಕೆ ಇಲ್ಲ ಎಂದು ಮರುದಿನ ಗೊತ್ತಾಯಿತು. ಅದೂ ಹಾಳೆಯಲ್ಲಿ ಇತ್ತು!

ಅಷ್ಟರಲ್ಲಿ ತಿಂಗಳು ಅರ್ಧಕ್ಕೆ ಬಂದಿತ್ತು. ಇನ್ನು ದಿನಕ್ಕೊಂದರಂತೆ ಒಂದು ದಿನವೂ ತಪ್ಪಿಸದೆ ಉಜ್ಜಿದರೆ ಮಾತ್ರ ದಡ ಸೇರಬಹುದಿತ್ತು. ಹುಡುಕಾಡಿದಾಗ ಸಿಕ್ಕಿದ್ದು ದವಾಖಾನೆಯ ಎದುರಿನ ಔಷಧದ ಅಂಗಡಿ. ಅದರ ಮಾಲೀಕ ಶಿವಾನಂದನ ಹತ್ತಿರ ಮಷೀನು ಇತ್ತು, ಅದರ ಮೇಲೆ ಯಾವ ದೇವರೂ ಇರಲಿಲ್ಲ. ಆದರೆ ದಿನಾ ಇನ್ನೂರು ರೂಪಾಯಿಯ ಔಷಧ ಕೊಳ್ಳಲು ಮನೆಯಲ್ಲಿ ರೋಗ ಬೇಕಲ್ಲ! ನಮ್ಮಿಬ್ಬರ ಆರೋಗ್ಯ ಚೆನ್ನಾಗಿರುವುದೇ ದೊಡ್ಡ ತೊಂದರೆಯಾಯಿತು. ಹಾಗಾಗಿ ಶಿವಾನಂದನಿಗೆ ವಿಷಯ ತಿಳಿಸಿ, ದಿನಕ್ಕೆ ಒಬ್ಬರ ಬಿಲ್ಲನ್ನು ಕಾರ್ಡಿನಿಂದ ಕೊಟ್ಟು ಅವರಿಂದ ನಗದು ಪಡೆಯುವ ಒಪ್ಪಂದ ಮಾಡಿಕೊಂಡೆ. ಮೊದಲ ಎರಡು ದಿನ ಎಲ್ಲವೂ ಸುಸೂತ್ರವಾಗಿ ನಡೆಯಿತು.

ಮೂರನೆಯ ದಿನ ಜೋಯಿಡಾ ಕಡೆಯ ಒಬ್ಬ ಅಜ್ಜಿ ಬಂದಳು. ಅವಳ ಬಿಲ್ಲಿಗೆ ಕಾರ್ಡ್ ಉಜ್ಜಿದೆ. ಅಜ್ಜಿ ಸೆರಗಿನ ಗಂಟು ಬಿಚ್ಚತೊಡಗಿದಳು. ಗಂಟು ಬಿಚ್ಚಲಿಲ್ಲ. ಹೊರಗೆ ಅವಳ ಊರಿನ ಬಸ್ಸಿನ ಕಂಡಕ್ಟರ್ ಸೀಟಿ ಊದಿದ. ಅಜ್ಜಿ ಒಮ್ಮೆ ಬಸ್ಸು, ಒಮ್ಮೆ ಗಂಟು ನೋಡಿದಳು. ನನಗೆ ಪಾಪ ಅನ್ನಿಸಿ, "ಇರ್ಲಿ ಬಿಡ್ರಿ ಅಜ್ಜಿ, ಬಸ್ಸು ತಪ್ಪತೈತಿ" ಎಂದೆ. ಅಜ್ಜಿ ನನ್ನ ತಲೆಯ ಮೇಲೆ ಎರಡೂ ಕೈ ಇಟ್ಟು, "ದೇವ ಬರೆಂ ಕರೂಂ ಪುತಾ" ಎಂದಳು. ದೇವರು ಒಳ್ಳೆಯದು ಮಾಡಲಿ ಮಗನೇ ಎಂದು ಅದರ ಅರ್ಥ. ಅಂಗಡಿಯಲ್ಲಿ ನಿಂತವರೆಲ್ಲ ನನ್ನನ್ನೇ ನೋಡಿದರು. ಒಬ್ಬರಂತೂ ಕೈ ಮುಗಿದರು.

ನಲವತ್ತೆಂಟು ವರ್ಷದ ನನ್ನ ಬಾಳಿನಲ್ಲಿ ಯಾರೂ ನನಗೆ ಹಾಗೆ ಕೈ ಮುಗಿದಿರಲಿಲ್ಲ. ಮನೆಗೆ ಹೋಗುವಾಗ ಸ್ಕೂಟರ್ ನೆಲದಿಂದ ಒಂದು ಗೇಣು ಮೇಲೆ ಓಡಿದಂತೆ ಅನ್ನಿಸಿತು.

ಮರುದಿನ ಒಬ್ಬ ಮನುಷ್ಯ ಔಷಧ ಪಡೆದು ನೋಟು ಚಾಚಿದ. ತೆಗೆದುಕೊಳ್ಳಲು ಕೈ ಮುಂದೆ ಮಾಡಿದೆ. ಅಷ್ಟರಲ್ಲಿ ಹಿಂದಿನಿಂದ ಯಾರೋ, "ನಿನ್ನೆ ಅಜ್ಜಿಗೆ ರೊಕ್ಕ ಕೊಟ್ಟ ಧರ್ಮಾತ್ಮರು ಇವರ ನೋಡ್ರಿ!" ಎಂದರು. ಮುಂದೆ ಹೋದ ನನ್ನ ಕೈ ತಾನಾಗಿಯೇ ಆಶೀರ್ವಾದದ ಭಂಗಿಗೆ ಬಂತು. "ಬ್ಯಾಡ್ರಿ, ಇರ್ಲಿ" ಎಂದೆ. ಹೇಳಿದ್ದು ನಾನೇನಾ ಎಂದು ನನಗೇ ಆಶ್ಚರ್ಯವಾಯಿತು.

ಆಮೇಲೆ ಸುದ್ದಿ ಹಬ್ಬಿತು. ನಾನು ಹೋಗುವ ಹೊತ್ತಿಗೆ ನಾಲ್ಕಾರು ಜನ ಕಾದಿರುತ್ತಿದ್ದರು. ನನ್ನ ಲೆಕ್ಕಕ್ಕೆ ದಿನಕ್ಕೆ ಒಬ್ಬರ ಬಿಲ್ಲು ಸಾಕಾಗಿತ್ತು. ಆದರೆ ಒಬ್ಬರಿಗೆ ಧರ್ಮಾತ್ಮನಾಗಿ ಇನ್ನೊಬ್ಬರಿಗೆ ಆಗದಿರುವುದು ಹೇಗೆ? ಎಲ್ಲರಿಗೂ ಉಜ್ಜಿದೆ. ಶಿವಾನಂದ ಗುಟ್ಟಾಗಿ, "ಗುರುಸಿದ್ದಣ್ಣ, ನಗದು ತಗೋಳ್ಳಾಕ ಬಂದಾವ್ರು ನೀವು. ನೆನಪೈತಿ ಇಲ್ಲೋ?" ಎಂದು ಕೇಳಿದ. ನಾನು ಗಂಭೀರವಾಗಿ, "ಮನಿಷ್ಯಾ ಹೋಗೂಮುಂದ ಏನು ಕಟ್ಟಿಕೊಂಡು ಹೊಕ್ಕಾನ ಶಿವಾನಂದ?" ಎಂದೆ. ನಾನು ಏನೂ ಕಟ್ಟಿಕೊಂಡು ಹೋಗುವುದಿಲ್ಲ, ನಿಜ. ಆದರೆ ಸುಮಂಗಲಾ ಕಟ್ಟೆ ಕಟ್ಟಿಸಬೇಕಿತ್ತು.

ಅವಳಿಗೆ ತಿಳಿದದ್ದು ಬ್ಲೌಸಿನ ಅಳತೆ ಕೊಡಲು ಬಂದ ಒಬ್ಬಾಕೆಯಿಂದ.

"ಅಕ್ಕಾರ, ನಿಮ್ಮ ಯಜಮಾನ್ರು ದೇವರಂಥಾವ್ರು" ಎಂದಳಂತೆ ಆಕೆ.

"ಯಾವ ಯಜಮಾನ್ರು?" ಎಂದು ಕೇಳಿದಳಂತೆ ಸುಮಂಗಲಾ.

ಆ ಸಂಜೆ ನಾನು ಒಳಗೆ ಕಾಲಿಡುವಾಗಲೇ ಅವಳು ಕೈ ಚಾಚಿ ನನ್ನ ಮೊಬೈಲ್ ತೆಗೆದುಕೊಂಡಳು. ಬ್ಯಾಂಕಿನ ಮೆಸೇಜುಗಳನ್ನು ಒಂದೊಂದಾಗಿ ಓದಿದಳು. ನಾನು ಬೈಗುಳಕ್ಕೆ ಸಿದ್ಧನಾಗಿ ನಿಂತೆ. ಅವಳು ಬೈಯಲಿಲ್ಲ.

"ಎಷ್ಟು ಬ್ಲೌಸ್ ಹೊಲದಿದ್ದೆ ಗೊತ್ತೈತೇನ್ರಿ ಇದಕ್ಕ?" ಎಂದಷ್ಟೇ ಕೇಳಿದಳು. ಕಣ್ಣು ಕೆಂಪಾಗಿದ್ದವು.

ಬೈದಿದ್ದರೆ ಚೆನ್ನಾಗಿತ್ತು. ಅಜ್ಜಿಯ ವಿಷಯ, ಬಸ್ಸಿನ ವಿಷಯ, ಕೈ ಮುಗಿದವರ ವಿಷಯ ಎಲ್ಲವನ್ನೂ ಹೇಳಿದೆ. ಅವಳು ಕೇಳಿಸಿಕೊಂಡು, "ಅಜ್ಜಿಗೆ ಕೊಟ್ಟಿದ್ದು ಬಿಡ್ರಿ, ಅದಕ್ಕ ನಾ ಏನೂ ಅನ್ನೂದಿಲ್ಲ. ಉಳಿದಾವ್ರು ಯಾಕ ಕೊಡಲಿಲ್ಲ?" ಎಂದಳು.

"ಅವರು ಕೊಡಾಕ ಬಂದ್ರು. ನಾನ ಬ್ಯಾಡ ಅಂದೆ."

"ಯಾಕ?"

ಇದ್ದ ಉತ್ತರ ಹೇಳುವಂತಿರಲಿಲ್ಲ.

"ಈಗ ಬಿಟ್ರ ಬಡ್ಡೀನೂ ಹೋತು. ನಾಳೆ ನಾನೂ ಬರ್ತೇನಿ" ಎಂದಳು.

ಮರುದಿನ ಅವಳು ಔಷಧದ ಅಂಗಡಿಯ ಮುಂದೆ ಸ್ಟೂಲ್ ಹಾಕಿಕೊಂಡು, ಮಡಿಲಲ್ಲಿ ಪರ್ಸ್ ಇಟ್ಟುಕೊಂಡು ಕುಳಿತಳು. ಜನ ಬಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ನೋಡ್ರಿ, ಇವರಿಗೆ ಬ್ಯಾಂಕಿನ ಲೆಕ್ಕ ಒಂದು ಮುಗಿಸಬೇಕಾಗೈತಿ. ಕಾರ್ಡ್ ಇವರು ಉಜ್ಜತಾರ, ರೊಕ್ಕ ನನ್ನ ಕೈಯಾಗ ಕೊಡ್ರಿ" ಎಂದು ಅವಳು ಸರಳವಾಗಿ ಹೇಳಿದಳು.

ಯಾರೂ ಬೇಸರಪಡಲಿಲ್ಲ! ಎಲ್ಲರೂ ರೊಕ್ಕ ತೆಗೆದರು. ಹಿಂದಿನ ವಾರ ನಾನು ಬಿಲ್ಲು ಕೊಟ್ಟಿದ್ದ ಒಬ್ಬರು, "ಬಾಳ ಚೊಲೊ ಆತ್ರೀ ಅಕ್ಕಾರ. ಅವತ್ತ ಕೊಡಾಕ ಹ್ವಾದೆ, ಸರ್ ಒಲ್ಲೆ ಅಂದ್ರು. ಋಣ ಇಟಗೊಂಡು ನಿದ್ದಿ ಬರವಲ್ದಾಗಿತ್ತು" ಎಂದು ಹಿಂದಿನದನ್ನೂ ಸೇರಿಸಿ ಕೊಟ್ಟರು. ಇಷ್ಟು ದಿನ ನಾನು ಜನರಿಗೆ ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಅವರ ನಿದ್ದೆ ಕೆಡಿಸುತ್ತಿದ್ದೆ ಅಷ್ಟೇ. ಆ ದಿನದಿಂದ ನನಗೆ ಕೈ ಮುಗಿಯುವವರು ಇಲ್ಲವಾದರು. "ಅಕ್ಕಾರು ಬಂದಾರೇನು?" ಎಂದು ಕೇಳುವವರಾದರು.

ತಿಂಗಳು ಮುಗಿಯಿತು. ಹದಿನೈದು ಪೂರ್ತಿಯಾಯಿತು. ಗೆದ್ದೆ! ಇಬ್ಬರೂ ಬ್ಯಾಂಕಿಗೆ ಹೋದೆವು. ಕೌಂಟರಿನ ಹುಡುಗಿ ನಗುನಗುತ್ತ ಅಭಿನಂದಿಸಿದಳು.

"ಡಬಲ್ ಬಡ್ಡಿ ಜಮಾ ಆಗೈತ್ರಿ ಸರ್. ಹನ್ನೊಂದು ರೂಪಾಯಿ."

ಕಿವಿಗೆ ಕೈ ಹಚ್ಚಿ ಕೌಂಟರಿನ ಮೇಲೆ ಬಗ್ಗಿದೆ.

"ಹನ್ನೊಂದು... ಸಾವಿರ?" ಎಂದೆ.

"ಸಾವಿರ ಎಲ್ಲಿ ಬಂತ್ರಿ? ಬಡ್ಡಿ ಕೊಡೂದು ಖಾತೇದಾಗ ಉಳಿದ ರೊಕ್ಕಕ್ಕ. ನೀವು ಎಲ್ಲಾ ಉಜ್ಜೀರಲ್ರಿ!"

ಖಾತೆಯ ರೊಕ್ಕವೆಲ್ಲ ಕಾರ್ಡಿನ ಮೂಲಕ ಔಷಧವಾಗಿ ಹರಿದುಹೋಗಿತ್ತು. ಮರಳಿ ಬಂದ ನಗದು ಸುಮಂಗಲಾಳ ಪರ್ಸಿನಲ್ಲಿತ್ತು. ಅದನ್ನು ಮತ್ತೆ ಖಾತೆಗೆ ಹಾಕುವ ಮಾತನ್ನು ನಾನೂ ಎತ್ತಿರಲಿಲ್ಲ, ಎತ್ತುವ ಸ್ಥಿತಿಯಲ್ಲೂ ಇರಲಿಲ್ಲ. ಬಡ್ಡಿ ಬರಲೆಂದು ಖರ್ಚು ಮಾಡಿದ್ದೆ. ಬಡ್ಡಿ ಬರಬೇಕಾದದ್ದು ಖರ್ಚು ಮಾಡದೆ ಉಳಿದದ್ದಕ್ಕೆ! ಇಷ್ಟು ಸರಳವಾದ ವಿಷಯ ತಿಳಿಯಲು ಹಾಳೆ ಓದುವ ಅಗತ್ಯವೂ ಇರಲಿಲ್ಲ.

ಹುಡುಗಿ ಧೈರ್ಯ ತುಂಬಿದಳು. "ಬರೋ ತಿಂಗಳು ಮತ್ತ ಹದಿನೈದು ಸಲ ಉಜ್ಜಿದ್ರ ಆತ್ರಿ ಸರ್."

"ಪ್ರತಿ ತಿಂಗಳೂ?"

"ಹೌದ್ರಿ."

ಸುಮಂಗಲಾ ನನ್ನ ಜೇಬಿನಿಂದ ಕಾರ್ಡ್ ತೆಗೆದು ತನ್ನ ಪರ್ಸಿನೊಳಗೆ ಹಾಕಿಕೊಂಡಳು.

ಬ್ಯಾಂಕಿನ ಎದುರು ಚಹಾದ ಅಂಗಡಿ ಇತ್ತು. ನನ್ನ ಮುಖ ನೋಡಿ ಅವಳಿಗೆ ಏನನ್ನಿಸಿತೋ, ಫಕ್ಕನೆ ನಗು ಬಂತು. ತಿಂಗಳಲ್ಲಿ ಮೊದಲ ಸಲ ನಕ್ಕಳು. "ಬರ್ರಿ, ನಿಮ್ಮ ಬಡ್ಡೀಲೆ ಚಹಾ ಕುಡಿಯೂಣು" ಎಂದಳು.

ಚಹಾ ಒಂದಕ್ಕೆ ಹತ್ತು ರೂಪಾಯಿ. ನನ್ನ ಬಡ್ಡಿಯಲ್ಲಿ ಒಂದು ಕಪ್ ಬಂತು. ಅದನ್ನು ಅವಳು ಕುಡಿದಳು. ನಾನು ನೋಡಿದೆ.