ಐದೂರಿಗೊಂದೇ ವರ್ಷನ್

ನಗು ಬರುವಂಥದ್ದು ನಡೆಯುವುದು ಯಾವಾಗಲೂ ನಗಬಾರದ ಹೊತ್ತಿನಲ್ಲೇ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಲ್ಲಿರುವ ಕಣ್ಣಿನ ದವಾಖಾನೆಯೊಂದರ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು ನಾನು. ಡಾಕ್ಟರು ಸೇಡಂನಲ್ಲಿ ಕೂತೇ ಉಳಿದ ಊರುಗಳ ರೋಗಿಗಳ ಕಣ್ಣಿನ ಫೋಟೊ ನೋಡಲೆಂದು, ಐದೂ ಊರನ್ನು ಒಂದೇ ಕೋಣೆಯಲ್ಲಿ ಕೂರಿಸಿದಂತೆ ಮಾಡುವ ವರ್ಚುವಲ್ ನೆಟ್‌ವರ್ಕ್ ಸಾಫ್ಟ್‌ವೇರ್ ತಂದೆವು. ಎಲ್ಲ ಕಡೆ ಒಂದೇ ವರ್ಷನ್ ಇರಬೇಕು. ಇಲ್ಲದಿದ್ದರೆ ಒಂದನ್ನೊಂದು ಗುರುತಿಸುವುದಿಲ್ಲ.

ರೈಲಿನ ಕಿಟಕಿಗೆ ತಲೆ ಆನಿಸಿ ಕೂತರೆ ತೊಗರಿ ಹೊಲದ ಮಂಜು, ಕಲ್ಲುಗಣಿಯ ಬಿಳಿ ದೂಳು ಕಲೆತು, ಯಾವ ಊರು ಎಲ್ಲಿ ಮುಗಿಯಿತೆಂದೇ ತಿಳಿಯುತ್ತಿರಲಿಲ್ಲ. ಐದೂರೂ ಆಗಲೇ ಒಂದಾಗಿವೆ ಅನ್ನಿಸುತ್ತಿತ್ತು. ಇಳಿದ ಮೇಲೆ ಗೊತ್ತಾಗುತ್ತಿತ್ತು, ಆಗಿಲ್ಲವೆಂದು.

ಶಹಾಬಾದ್

ಅಂಥದೇ ಒಂದು ಪಯಣದ ಅರೆನಿದ್ದೆಯಲ್ಲಿ ಶಹಾಬಾದ್ ದವಾಖಾನೆಯ ರಿಸೆಪ್ಶನ್ ಅಕ್ಕನಿಗೆ ಫೋನ್ ಮಾಡಿ, "ಅಕ್ಕಾ, ವರ್ಷನ್ ಎಷ್ಟದ ಹೇಳ್ರಿ" ಎಂದೆ.

ರೈಲಿನ ಸದ್ದಿನಲ್ಲಿ ಆಕೆಗೆ 'ವರ್ಷ' ಅಷ್ಟೇ ಕೇಳಿಸಿತು. "ನಲವತ್ತಾರು" ಎಂದಳು.

"ಅದು ಇರ್ಲಿಕ್ಕೆ ಸಾಧ್ಯ ಇಲ್ರಿ. ನಾಲ್ಕು ಇರಬೇಕು."

ಆಕೆ ಫೋನನ್ನು ಬಾಯಿಗೆ ಹತ್ತಿರ ಹಿಡಿದಳು. ಆಮೇಲೆ ಮೆಲ್ಲಗೆ, "ನೌಕರಿ ಕಾಗದದಾಗ ವಯಸ್ಸು ನಾಲ್ಕು ಕಡಿಮಿ ಬರ್ಸೀನಿ ಅಂತ ನಿನಗ ಯಾರ್ ಹೇಳಿದ್ರು, ತಂಗಿ?"

ವಾಡಿ

ವಾಡಿಯ ಫೋಟೊ ಮಿಷಿನಿನ ಕಂಪ್ಯೂಟರು ಬಹಳ ಹಳೆಯದು, ಅದರಲ್ಲಿ ಹೊಸ ವರ್ಷನ್ ಕೂರುತ್ತಿರಲಿಲ್ಲ. ಕಣ್ಣು ಪರೀಕ್ಷೆ ಮಾಡುವ ಚಾಚಾ ಪಕ್ಕದಲ್ಲೇ ಚಹಾ ಕುಡಿಯುತ್ತ ಕೂತಿದ್ದರು.

"ಹಳೇದು, ಹೊಸಾದು ಒಂದಕ್ಕೊಂದು ಮಾತಾಡಂಗಿಲ್ಲ, ಚಾಚಾ" ಎಂದೆ.

"ನಮ್ಮ ಮನ್ಯಾಗೂ ಅದೇ ಹಾಲತ್ ಅದ, ಬೇಟಿ. ಹಳೇದು ಅಮ್ಮಿ, ಹೊಸಾದು ಬೇಗಂ. ನಡುವ ನಾ ಕುಂದರ್ತೀನಿ."

ಅದೇ ಸರಿ ಅನ್ನಿಸಿತು. ಎರಡೂ ವರ್ಷನ್ ಬಲ್ಲ ಸಣ್ಣದೊಂದು ಪೆಟ್ಟಿಗೆ ತಂದು ನಡುವೆ ಕೂರಿಸಿದೆ. ಮಾತು ಶುರುವಾಯಿತು. ಚಾಚಾ ಆ ಪೆಟ್ಟಿಗೆಯನ್ನೇ ಕನಿಕರದಿಂದ ನೋಡಿ ಹೇಳಿದರು: "ಕೇಳಿದ್ದು ಪೂರಾ ಹೇಳಬ್ಯಾಡ ಅಂತ ಇದಕ್ಕ ಕಲಿಸು. ಇಲ್ಲಾಂದ್ರ ಉಳಿಯಂಗಿಲ್ಲ."

ಚಿಂಚೋಳಿ

ಒಬ್ಬ ಅಜ್ಜಿ ಎರಡು ಬಸ್ಸು ಬದಲಿಸಿ ಬಂದಿದ್ದಳು. ಒಂದು ಕಣ್ಣು ಎಂದೋ ಹೋಗಿತ್ತು, ಉಳಿದದ್ದು ಮಬ್ಬಾಗಿತ್ತು. ಫೋಟೊ ತೆಗೆದದ್ದಾಯಿತು. ಆದರೆ ಕಂಪ್ಯೂಟರು ಬೆಳಿಗ್ಗೆ ತಾನಾಗಿಯೇ ಉಳಿದೂರುಗಳಲ್ಲಿಲ್ಲದ ಹೊಸ ವರ್ಷನ್ ಹಾಕಿಕೊಂಡು ಕೂತಿತ್ತು. ಸೇಡಂಗೆ ಏನೂ ಹೋಗುತ್ತಿರಲಿಲ್ಲ. ಒಂದು ತಾಸು ಅಜ್ಜಿಯ ಪಕ್ಕದಲ್ಲೇ, ಸ್ಪೀಕರ್ ಹಾಕಿದ ಫೋನಿನಲ್ಲಿ, ನಾನೂ ಸೇಡಂನ ಡಾಕ್ಟರೂ.

"ಕಾಣ್ಲಿಕತ್ತದೇನ್ರಿ ಸರ್?"

"ಏನೂ ಕಾಣವಲ್ದು."

"ಹೊಸಾದು ಹಾಕಿದ್ದೇ ತಪ್ಪಾಗ್ಯಾದ್ರಿ. ತಗದು ಹಳೇದೇ ಹಾಕ್ತೀನಿ."

ಹಾಕಿದೆ. ಡಾಕ್ಟರು "ಈಗ ಛಂದ ಕಾಣ್ಲಿಕತ್ತದ" ಎಂದಾಗ ನನ್ನ ಎದೆ ಹಗುರಾಯಿತು. ಫೋಟೊ ನೋಡಿ ಅವರೂ ಖುಷಿಯಿಂದಲೇ ಹೇಳಿದರು: "ಅಜ್ಜಿ, ಪೊರೆ ಬಂದದ ಅಷ್ಟೇ. ಹೊಸ ಲೆನ್ಸ್ ಹಾಕಿದ್ರ ಕಣ್ಣು ಬರ್ತದ."

ಅಜ್ಜಿ ಎದ್ದು ನಿಂತು ಕೋಲು ತಡಕಿದಳು. "ಹೊಸಾದು ಬ್ಯಾಡ್ರಿ. ಆಗಿಂದ ಕೇಳ್ಲಿಕತ್ತೀನಿ. ಹೊಸಾದು ಹಾಕಿದ್ರ ನಿಮಗೇ ಏನೂ ಕಾಣವಲ್ದು. ನನಗ ಹಳೇದೇ ಇರ್ಲಿ."

ಒಪ್ಪಿಸಲು ಇನ್ನೊಂದು ತಾಸು ಬೇಕಾಯಿತು. ಆಪರೇಷನ್ ಆಗಿ ಪಟ್ಟಿ ಬಿಚ್ಚಿದ ದಿನ ಆಕೆ ನನ್ನ ದನಿ ಗುರುತು ಹಿಡಿದು ತಿರುಗಿ, ಅಡಿಯಿಂದ ಮುಡಿಯವರೆಗೆ ನಿಧಾನವಾಗಿ ನೋಡಿದಳು.

"ಇಷ್ಟೇ ಸಣ್ಣಾಕಿ ಇದ್ದೀಯೇನ ನೀ? ಅವತ್ತೇ ಕಂಡಿದ್ರ ನಿನ್ನ ಮಾತಿಗೆ ಅಷ್ಟು ಅಂಜತಿದ್ದಿಲ್ಲ."